ಗೂಢಚಾರಿಣಿ ಲಿಫ್ಟಿನಿಂದ ಇಳಿದ ರೀತಿ

ನಮ್ಮ ಮಾವ ಮೂವತ್ನಾಲ್ಕು ವರ್ಷ ಲಿಫ್ಟ್ ರಿಪೇರಿ ಮಾಡಿ ನಿವೃತ್ತರಾದವರು. ಅವರ ಪಕ್ಕ ಕೂತು ಟೀವಿಯಲ್ಲಿ ಗೂಢಚಾರರ ಧಾರಾವಾಹಿ ನೋಡುವ ಶಿಕ್ಷೆ ನನ್ನ ಶತ್ರುವಿಗೂ ಬೇಡ. ಅವರ ಬೆನ್ನ ಹಿಂದೆ ನಾವು ಅವರನ್ನು ಅಬ್ಜೆಕ್ಷನ್ ಮಾವ ಎನ್ನುತ್ತಿದ್ದೆವು. ಹೆಸರಿಟ್ಟವಳು ನಾನೇ, ಅವರ ಒಬ್ಬಳೇ ಸೊಸೆ.

ಶನಿವಾರ ಸಂಜೆ ಏಳಕ್ಕೆ ಆ ಧಾರಾವಾಹಿ ಶುರುವಾಗುತ್ತಿತ್ತು. ಸುಂದರಿಯಾದ ಒಬ್ಬ ಗೂಢಚಾರಿಣಿ, ಅವಳ ಹಿಂದೆ ಬಿದ್ದ ಹತ್ತಾರು ಕಟುಕರು. ನನಗೂ ಅತ್ತೆಗೂ ಅದೆಂದರೆ ಪ್ರಾಣ. ಸಂಜೆ ಆರೂವರೆಗೇ ಅಡುಗೆಮನೆ ಒರೆಸಿ, ನೀರಿನ ಚೊಂಬು ಪಕ್ಕಕ್ಕಿಟ್ಟುಕೊಂಡು ಕೂತುಬಿಡುತ್ತಿದ್ದೆವು. ಐದು ನಿಮಿಷ ಕಳೆಯುವುದರೊಳಗೆ ಮಾವ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. "ಅಲ್ಲ, ಬಾಂಬ್ ಇಟ್ಟವನು ಗಡಿಯಾರಾನ ಹೊರಗೆ ಕಾಣೋ ಹಾಗೆ ಯಾಕೆ ಇಡ್ತಾನೆ? ಬಸ್ಸಿಗೆ ಕಾಯೋರಿಗೆ ಟೈಮ್ ತೋರಿಸ್ತಿದ್ದಾನಾ?" ಇನ್ನೊಂದು ವಾರ, "ಎಡಗೈಗೆ ತಾನೆ ಗುಂಡು ಬಿದ್ದಿದ್ದು? ಪಟ್ಟಿ ಯಾಕೆ ಬಲಗೈಗೆ ಬಂತು?" ಗುಪ್ತ ಇಲಾಖೆಯ ಕಚೇರಿಗೆ ಬೋರ್ಡು ಹಾಕಿದ್ದನ್ನು ಕಂಡ ದಿನವಂತೂ ಅವರು ಎದ್ದು ನಿಂತೇ ಮಾತಾಡಿದರು.

ಧಾರಾವಾಹಿಯಲ್ಲಿ ಲಿಫ್ಟ್ ಬಂದರೆ ಮುಗಿಯಿತು. ಆ ಕಥೆ ಬರೆದವನಿಗೆ ಲಿಫ್ಟಿನ ಮೇಲೆ ಅದೇನು ಮೋಹವೋ, ಎರಡು ವಾರಕ್ಕೊಮ್ಮೆ ಯಾರಾದರೂ ಅದರೊಳಗೆ ಸಿಕ್ಕಿಹಾಕಿಕೊಳ್ಳುತ್ತಿದ್ದರು. "ಚಾವಣಿ ಬಾಗಿಲಿಗೆ ಬೀಗ ಹೊರಗಡೆಯಿಂದ ಇರುತ್ತೆ, ಅವಳು ಹೇಗೆ ಹತ್ತಿದ್ಲು? ಆ ಹಗ್ಗ ಉಕ್ಕಿಂದು, ಚಾಕು ಹಾಕಿದ್ರೆ ಚಾಕುವೇ ಸಾಯುತ್ತೆ. ಅದೂ ಒಂದಲ್ಲ, ನಾಲ್ಕು ಇರ್ತವೆ. ಒಂದೇ ಸಾಕು ಭಾರಕ್ಕೆ. ಕಬ್ಬಿಣದ ಡಬ್ಬದೊಳಗೆ ಫೋನಿಗೆ ಸಿಗ್ನಲ್ ಎಲ್ಲಿಂದ ಬಂತು?" ಅತ್ತೆ ತಲೆ ಚಚ್ಚಿಕೊಳ್ಳುತ್ತಿದ್ದರು. ನನ್ನ ಗಂಡ ಸುಮ್ಮನೆ ಮೊಬೈಲ್ ನೋಡುತ್ತಿದ್ದ. ಅಪ್ಪನ ಮಾತು ಕಿವಿಗೆ ಬೀಳದಂತೆ ಮಾಡಿಕೊಳ್ಳುವುದನ್ನು ಅವನು ಹುಟ್ಟಿನಿಂದಲೇ ಕಲಿತಿದ್ದ.

ಕೊನೆಗೆ ನಾನೊಂದು ಉಪಾಯ ಮಾಡಿದೆ. ಇನ್ನೂರು ಪುಟದ ನೋಟ್‌ಬುಕ್ಕೊಂದನ್ನು ತಂದು, ಅದಕ್ಕೊಂದು ಪೆನ್ನು ಕಟ್ಟಿ, ಮಾವನ ಕೈಗೆ ಕೊಟ್ಟೆ. "ಮಾವ, ತಪ್ಪು ಕಂಡಾಗ ಬಾಯಿ ಬಿಡೋ ಹಾಗಿಲ್ಲ. ಇದರಲ್ಲಿ ಬರೀರಿ. ಮುಗಿದ ಮೇಲೆ ಎಲ್ಲರೂ ಓದೋಣ." ಅವರು ಅದನ್ನು ನಂಬಿದರು. ಪ್ರತಿ ಶನಿವಾರ ಕನ್ನಡಕ ಹಾಕಿಕೊಂಡು, ಒಂದು, ಎರಡು, ಮೂರು ಎಂದು ನಂಬರು ಹಾಕಿ ಬರೆಯುತ್ತಿದ್ದರು. ಧಾರಾವಾಹಿ ಮುಗಿದೊಡನೆ ನಾವು ಊಟಕ್ಕೆ ಏಳುತ್ತಿದ್ದೆವು. ಆ ನೋಟ್‌ಬುಕ್ಕನ್ನು ನಾನು ಒಂದು ದಿನವೂ ತೆರೆದು ನೋಡಿದವಳಲ್ಲ.

ಈಗ ಹೇಳುವ ಶನಿವಾರ ಗೂಢಚಾರಿಣಿ ಎರಡು ಮಹಡಿಗಳ ನಡುವೆ ನಿಂತ ಲಿಫ್ಟಿನೊಳಗೆ ಸಿಕ್ಕಿದ್ದಳು. ಗಾಳಿ ಮುಗಿಯುತ್ತಿತ್ತು, ಅವಳು ಉಸಿರು ಎಣಿಸುತ್ತಿದ್ದಳು. ಆಮೇಲೆ ಒಳಬಾಗಿಲನ್ನು ಎರಡು ಕೈಯಿಂದ ಎಳೆದು ಸರಿಸಿದಳು. ಎದುರಿಗೆ ಮೇಲರ್ಧ ಗೋಡೆ, ಕೆಳಗಡೆ ಕೆಳಮಹಡಿಯ ಬಾಗಿಲಿನ ತಲೆಭಾಗ. ಆ ಬಾಗಿಲಿನ ಮೇಲ್ತುದಿಯಲ್ಲಿದ್ದ ಚಿಕ್ಕದೊಂದು ಗಾಲಿಯನ್ನು ಬೆರಳಿನಿಂದ ಒತ್ತಿದಳು, ಬಾಗಿಲು ಸರಿಯಿತು. ಲಿಫ್ಟಿನ ಅಂಚಿನಲ್ಲಿ ಕೂತು, ಕಾಲು ಇಳಿಬಿಟ್ಟು, ಸುಯ್ಯನೆ ಜಾರಿ ಕೆಳಮಹಡಿಯ ನೆಲದ ಮೇಲೆ ನಿಂತಳು. ಕೂದಲು ಕೂಡ ಕೆದರಿರಲಿಲ್ಲ.

ಮಾವ ಕುರ್ಚಿಯಿಂದ ಅರ್ಧ ಎದ್ದರು. "ಅಲ್ಲ... ಹಾಗೆ..." ಎಂದರು. ನಾನು ಟೀವಿಯಿಂದ ಕಣ್ಣು ತೆಗೆಯದೆ, "ಮಾವ, ನೋಟ್‌ಬುಕ್" ಎಂದೆ. ಅವರು ಕೂತರು. ಅವರ ಮುಖ ಹೇಗಿತ್ತೆಂದು ನಾನು ನೋಡಲಿಲ್ಲ. ನೋಡಬೇಕಿತ್ತು.

ಮೂರು ದಿನ ಕಳೆದು ಮಂಗಳವಾರ ಮಧ್ಯಾಹ್ನ ಅತ್ತೆ ಹಲ್ಲಿನ ಸೆಟ್ಟಿಗೆ ಅಳತೆ ಕೊಡಬೇಕಿತ್ತು. ಏಳು ಮಹಡಿಯ ಹಳೇ ಕಟ್ಟಡ, ಹಲ್ಲಿನ ಡಾಕ್ಟರು ಆರನೆಯದರಲ್ಲಿ. ಮೂವರೂ ಹೋದೆವು. ಲಿಫ್ಟಿನೊಳಗೆ ಕಾಲಿಟ್ಟ ಮಾವ ಗೋಡೆಗೆ ಅಂಟಿಸಿದ್ದ ತಪಾಸಣೆಯ ಚೀಟಿ ನೋಡಿ ಹೊರಗೆ ಬಂದರು. "ಇದನ್ನ ಯಾರಾದ್ರೂ ನೋಡಿ ಹದಿನಾಲ್ಕು ತಿಂಗಳಾಯ್ತು. ಇಳೀರಿ ಇಬ್ರೂ, ಮೆಟ್ಟಿಲಲ್ಲಿ ಹೋಗೋಣ."

"ನನ್ನ ಮಂಡಿ ಇಟ್ಕೊಂಡು ಆರು ಮಹಡಿನಾ?" ಎಂದರು ಅತ್ತೆ.

"ನಿಧಾನಕ್ಕೆ ಹತ್ತೋಣ. ಇಲ್ಲ ಅಂದ್ರೆ ನಾನು ವಾಚ್‌ಮನ್‌ನ ಇದು ಸರಿಯಾಗಿದೆಯಾ ಅಂತ ಕೇಳ್ಕೊಂಡು ಬರ್ತೀನಿ, ಇರಿ."

"ಮಾವ, ಇದು ಸೀರಿಯಲ್ ಅಲ್ಲ," ಎಂದು ನಾನು ನಕ್ಕು ಆರನೇ ನಂಬರು ಒತ್ತಿದೆ. ಬಾಗಿಲು ಮುಚ್ಚುವಾಗ ಅವರು ವಾಚ್‌ಮನ್‌ನನ್ನು ಹುಡುಕುತ್ತಾ ಆ ಕಡೆ ಹೋಗುತ್ತಿದ್ದದ್ದು ಕಂಡಿತು.

ಮೂರನೇ ಮಹಡಿ ದಾಟಿದ ಕೂಡಲೆ ಲಿಫ್ಟ್ ಒಮ್ಮೆ ಕುಲುಕಿ ನಿಂತಿತು. ದೀಪ ಆರಿತು, ಫ್ಯಾನು ನಿಂತಿತು. ಕತ್ತಲೆಂದರೆ ಕೈ ಮುಖದ ಮುಂದೆ ಹಿಡಿದರೂ ಕಾಣದ ಕತ್ತಲೆ. ನಾನು ಇರುವ ಗುಂಡಿಗಳನ್ನೆಲ್ಲ ಒತ್ತಿದೆ. ಗಂಟೆಯ ಗುಂಡಿ ಒತ್ತಿದರೆ ಗಂಟೆ ಹೊಡೆಯಲಿಲ್ಲ. ಫೋನು ತೆಗೆದೆ, ಸಿಗ್ನಲ್ ಒಂದು ಗೆರೆಯೂ ಇರಲಿಲ್ಲ. ಕಬ್ಬಿಣದ ಡಬ್ಬದೊಳಗೆ ಸಿಗ್ನಲ್ ಎಲ್ಲಿಂದ ಬರುತ್ತೆ ಎಂಬ ಮಾವನ ಮಾತು ಆಗ ನೆನಪಾಯಿತು.

ಇಬ್ಬರೂ ಬಾಗಿಲು ಬಡಿದೆವು, ಕೂಗಿದೆವು. ಊಟದ ಹೊತ್ತು, ಯಾರೂ ಇರಲಿಲ್ಲವೋ ಏನೋ, ಯಾರೂ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಅತ್ತೆಯ ಉಸಿರು ಬದಲಾಯಿತು. ಎಳೆದೆಳೆದು ತೆಗೆದುಕೊಳ್ಳುತ್ತಿದ್ದರು. "ಗಾಳಿ ಮುಗೀತಿದೆ ಕಣೇ. ಅವಳಿಗಾದ ಹಾಗೇ ಆಗ್ತಿದೆ. ಹತ್ತು ನಿಮಿಷ ಅಷ್ಟೇ ಇರೋದು." ಅವರ ಕೈ ಹಿಡಿದೆ, ಮಂಜುಗಡ್ಡೆಯಾಗಿತ್ತು. ಸತ್ಯ ಹೇಳುತ್ತೇನೆ, ಗಾಳಿ ನಿಜವಾಗಿಯೂ ಮುಗಿಯುತ್ತಿದೆ ಎಂದು ನಾನೂ ನಂಬಿದೆ.

ಹೊರಗೆ ಹೋಗುವ ದಾರಿ ನನಗೆ ಗೊತ್ತಿತ್ತು. ಮೂರು ದಿನದ ಹಿಂದೆ ನೀರು ಕುಡಿಯುತ್ತಾ ನೋಡಿದ್ದೆ. ಫೋನಿನ ಬೆಳಕು ಹಚ್ಚಿ ಅತ್ತೆಯ ಕೈಗೆ ಕೊಟ್ಟು, ಒಳಬಾಗಿಲಿನ ನಡುವೆ ಬೆರಳು ತೂರಿಸಿ ಎಳೆದೆ. ಜಗ್ಗಿ ಜಗ್ಗಿ ಒಂದೂವರೆ ಅಡಿ ಸರಿಯಿತು. ಎದುರಿಗೆ ಮೇಲರ್ಧ ಗೋಡೆ, ಕೆಳಗಡೆ ಮೂರನೇ ಮಹಡಿಯ ಬಾಗಿಲಿನ ತಲೆಭಾಗ. ಥೇಟ್ ಹಾಗೇ ಇತ್ತು. ಮಂಡಿಯೂರಿ ನೋಡಿದರೆ ಆ ಚಿಕ್ಕ ಗಾಲಿಯೂ ಇತ್ತು. ಒತ್ತಿದೆ, ಬಾಗಿಲು ಬಿಟ್ಟುಕೊಂಡಿತು. ಅಷ್ಟೊಂದು ಸುಳ್ಳು ಹೇಳಿದ ಆ ಧಾರಾವಾಹಿ ಇದೊಂದನ್ನು ಮಾತ್ರ ಸರಿಯಾಗಿ ತೋರಿಸಿತ್ತು.

ಬೆಳಕು ಬಂತು. ನಮ್ಮ ನೆಲಕ್ಕಿಂತ ನಾಲ್ಕು ಅಡಿ ಕೆಳಗೆ ಮೂರನೇ ಮಹಡಿಯ ಮೊಸಾಯಿಕ್ ನೆಲ ಹೊಳೆಯುತ್ತಿತ್ತು. ಗೋಡೆಗೆ ಮರಳಿನ ಕೆಂಪು ಬಕೆಟ್ಟು, ಸಾಲಾಗಿ ನಾಲ್ಕು ಪ್ಲಾಸ್ಟಿಕ್ ಕುರ್ಚಿ. ಇಷ್ಟೇ ತಾನೆ, ಮಂಚದಿಂದ ಇಳಿದ ಹಾಗೆ, ಎಂದುಕೊಂಡೆ. "ನಾನು ಮೊದಲು ಇಳೀತೀನಿ ಅತ್ತೆ. ಆ ಕುರ್ಚಿ ತಂದು ನಿಮಗೆ ಇಡ್ತೀನಿ." ಅಂಚಿನಲ್ಲಿ ಕೂತು ಎರಡೂ ಕಾಲು ಇಳಿಬಿಟ್ಟೆ. "ಬೇಗ ಹೋಗು, ಬೇಗ ಹೋಗು," ಎಂದು ಅತ್ತೆ ಬೆನ್ನಿಗೆ ಕೈ ಕೊಟ್ಟು ಒತ್ತುತ್ತಿದ್ದರು.

ಆಗ ನನ್ನ ಬಲಗಾಲಿನ ಚಪ್ಪಲಿ ಕಳಚಿತು. ಮೊಸಾಯಿಕ್ ನೆಲದ ತುದಿಗೆ ಬಡಿದು, ಮಗುಚಿ, ಹಿಂದಕ್ಕೆ, ನಾನು ಕೂತಿದ್ದ ಲಿಫ್ಟಿನ ಅಡಿಗೆ ಹೋಯಿತು. ಕಣ್ಣಿಗೆ ಕಾಣದಾಯಿತು. ಬಿದ್ದ ಸದ್ದು ಬರಲಿಲ್ಲ. ನಾನು ಕಾದೆ. ಆಮೇಲೆ ಎಲ್ಲೋ ಬಹಳ ಕೆಳಗಿನಿಂದ ಒಂದು ಸಣ್ಣ ಟಪ್ ಕೇಳಿಸಿತು.

ಚಪ್ಪಲಿ ಎಲ್ಲಿಗೆ ಹೋಯಿತೆಂದು ನನಗೆ ತಟ್ಟನೆ ಹೊಳೆಯಲಿಲ್ಲ. ಧಾರಾವಾಹಿಯಲ್ಲಿ ಲಿಫ್ಟಿನ ಅಡಿಯಲ್ಲಿ ಏನೂ ಇರಲಿಲ್ಲ. ಅವರು ಅದನ್ನು ತೋರಿಸಿಯೇ ಇರಲಿಲ್ಲ.

ಅಷ್ಟರಲ್ಲಿ ಮೆಟ್ಟಿಲಿನ ಕಡೆಯಿಂದ ಏದುಸಿರು ಕೇಳಿಸಿತು. ಮಾವ ಬಂದರು. ಇಳಿಬಿದ್ದ ನನ್ನ ಕಾಲುಗಳನ್ನು ನೋಡಿ ಅಲ್ಲೇ ನಿಂತರು. ಅವರ ಮುಖದಲ್ಲಿ ರಕ್ತವೇ ಇರಲಿಲ್ಲ. ಕೂಗುತ್ತಾರೆ ಎಂದುಕೊಂಡೆ, ಕೂಗಲಿಲ್ಲ. ಮಲಗಿದ ಮಗು ಎಚ್ಚರವಾಗಬಾರದು ಎನ್ನುವ ಹಾಗೆ ಮೆಲ್ಲಗೆ ಹೇಳಿದರು. "ಅಲ್ಲಾಡಬೇಡಮ್ಮ. ಇಳೀಬೇಡ."

ಹತ್ತಿರ ಬಂದು ನನ್ನ ಎರಡೂ ಅಂಗಾಲುಗಳ ಕೆಳಗೆ ಕೈ ಕೊಟ್ಟರು. "ಮೇಲಕ್ಕೆ ತಗೋ. ಹಿಂದಕ್ಕೆ ಸರಿ. ನಿನ್ನ ಕೆಳಗಡೆ, ಲಿಫ್ಟಿಗೂ ಈ ನೆಲಕ್ಕೂ ಮಧ್ಯೆ, ಲಿಫ್ಟಿನ ಬಾವಿ ನಾಲ್ಕು ಅಡಿ ಬಾಯಿ ತೆರೆದುಕೊಂಡಿದೆ. ಜಾರಿದ್ರೆ ಕಾಲು ಇಲ್ಲಿ ನಿಲ್ಲುತ್ತೆ, ಮೈ ಹಿಂದಕ್ಕೆ ವಾಲುತ್ತೆ. ವಾಲಿದ್ರೆ ಹಿಡ್ಕೊಳ್ಳೋಕೆ ಏನೂ ಇಲ್ಲ."

ಆಗ ಬೆವರು ಇಳಿಯಿತು ನೋಡಿ. ಚಪ್ಪಲಿಯ ಟಪ್ ಸದ್ದು ಮತ್ತೊಮ್ಮೆ ಕಿವಿಯಲ್ಲಿ ಕೇಳಿಸಿತು. ಕಾಲು ಎಳೆದುಕೊಳ್ಳಬೇಕೆಂದರೆ ಕಾಲು ನನ್ನ ಮಾತು ಕೇಳಲಿಲ್ಲ. ಮಾವ ಕೆಳಗಿನಿಂದ ತಳ್ಳಿದರು, ನಾನು ಹಿಂದಕ್ಕೆ ತೆವಳಿದೆ. ಅತ್ತೆ ಮಾತ್ರ ಒಪ್ಪಲಿಲ್ಲ. "ರೀ, ಅವಳನ್ನ ಇಳಿಸ್ಕೊಳ್ಳಿ. ಇಲ್ಲಿ ಗಾಳಿ ಇಲ್ಲ. ಎಲ್ಲದಕ್ಕೂ ನಿಮ್ಮದೊಂದು ಅಡ್ಡಮಾತು ಇದ್ದೇ ಇರುತ್ತೆ."

"ಬಲಗಡೆ ಗೋಡೆ, ನೆಲದಿಂದ ಒಂದು ಗೇಣು ಮೇಲೆ ಕೈ ಇಡೇ," ಎಂದರು ಮಾವ. "ಸೀಳು ಸೀಳಾಗಿದೆಯಾ?"

ಅತ್ತೆ ತಡಕಿದರು. "ಇದೆ."

"ಗಾಳಿ ಬರ್ತಿದೆಯಾ?"

ಅತ್ತೆ ಕೈ ಅಲ್ಲೇ ಇಟ್ಟುಕೊಂಡು, "ತಣ್ಣಗೆ ಬರ್ತಿದೆ," ಎಂದರು.

"ಅದು ಇಲ್ಲದೆ ಯಾರೂ ಲಿಫ್ಟ್ ಮಾಡಲ್ಲ. ನೀನು ಅದರೊಳಗೆ ಒಂದು ವಾರ ಕೂತಿದ್ರೂ ಗಾಳಿ ಮುಗಿಯಲ್ಲ."

ಅಷ್ಟು ಹೊತ್ತಿಗೆ ವಾಚ್‌ಮನ್ ಬೀಗದ ಕೈ ಗೊಂಚಲು ಹಿಡಿದು ಬಂದ. ಕಂಪನಿಯವರು ಬರಲು ಎರಡು ಗಂಟೆಯಾಗುತ್ತದಂತೆ. ಅತ್ತೆಯ ಉಸಿರು ಇನ್ನೂ ಸರಿಯಾಗಿರಲಿಲ್ಲ, ಎರಡು ಗಂಟೆ ಆಗದ ಮಾತು. ಮಾವ ಒಂದು ಗಳಿಗೆ ಯೋಚಿಸಿ, ಇಡೀ ದಿನದಲ್ಲಿ ನನ್ನನ್ನು ಅತ್ಯಂತ ಹೆದರಿಸಿದ ಮಾತು ಹೇಳಿದರು.

"ಈಗ ಬಾಗಿಲು ಮುಚ್ಚಬೇಕು."

ನಾವಿಬ್ಬರೂ ಒಟ್ಟಿಗೆ ಬೇಡ ಎಂದೆವು.

"ಕೇಳು. ಬಾಗಿಲು ತೆರೆದಿಟ್ಟು ಲಿಫ್ಟ್ ಅಲ್ಲಾಡಿಸಿದ್ರೆ ಯಾರದಾದ್ರೂ ಕೈಯೋ ಕಾಲೋ ಹೋಗುತ್ತೆ. ನಾನು ತಾರಸಿ ಮೇಲಿನ ಮೆಷಿನ್ ರೂಮಿಗೆ ಹೋಗಿ ಕರೆಂಟ್ ತೆಗೆದು, ಲಿಫ್ಟ್ ಎಳೆಯೋ ಚಕ್ರ ಕೈಯಿಂದ ತಿರುಗಿಸ್ತೀನಿ. ಇವನು ಬ್ರೇಕ್ ಹಿಡೀತಾನೆ. ಹೊರಬಾಗಿಲು ನಾನು ಮುಚ್ತೀನಿ, ಒಳಬಾಗಿಲು ನೀನು ಎಳ್ಕೋಬೇಕು. ಲಿಫ್ಟ್ ಮೇಲಕ್ಕೆ ಹೋಗುತ್ತೆ. ಕೆಳಗೆ ಬೀಳ್ತಿದೆ ಅಂತ ಅನ್ನಿಸಿದ್ರೂ ಮೇಲಕ್ಕೇ ಹೋಗ್ತಿರುತ್ತೆ. ಏನೇ ಆದ್ರೂ ಬಾಗಿಲು ಮುಟ್ಟಬೇಡ."

ಹೊರಗೆ ಬೆಳಕಿತ್ತು. ಮನುಷ್ಯರಿದ್ದರು. ಅದನ್ನೆಲ್ಲ ನನ್ನ ಕೈಯಾರೆ ಮುಚ್ಚಿಕೊಳ್ಳಬೇಕಿತ್ತು, ಯಾರ ಮಾತು ಕೇಳಬಾರದೆಂದು ನಾನು ನೋಟ್‌ಬುಕ್ ಕೊಟ್ಟಿದ್ದೆನೋ ಅವರ ಮಾತಿನ ಮೇಲೆ. ಅತ್ತೆ ನನ್ನ ರಟ್ಟೆ ಹಿಡಿದು "ಮುಚ್ಚಬೇಡ ಕಣೇ" ಎಂದು ಅಳತೊಡಗಿದರು. ಮಾವ ಹೊರಬಾಗಿಲ ಮೇಲೆ ಕೈಯಿಟ್ಟು ನನ್ನನ್ನೇ ನೋಡುತ್ತಿದ್ದರು. ಹಣೆಯ ಬೆವರು ಕನ್ನಡಕದ ಮೇಲೆ ಇಳಿಯುತ್ತಿತ್ತು. ನಾನು ಬಾಗಿಲು ಎಳೆದೆ.

ಅರವತ್ತಾರು ವರ್ಷದ ಮನುಷ್ಯ ಇನ್ನೂ ನಾಲ್ಕು ಮಹಡಿ ಹತ್ತಿ, ಆಮೇಲೆ ತಾರಸಿಗೆ ಏರಬೇಕು. ದಾರಿಯಲ್ಲಿ ಅವರಿಗೇ ಏನಾದರೂ ಆದರೆ ಎಂಬ ಯೋಚನೆ ಬಂತು. ಫೋನಿನ ಬ್ಯಾಟರಿ ಮುಗಿಯಿತು. ಮತ್ತೆ ಅದೇ ಕತ್ತಲೆ.

"ಹಗ್ಗ ಕಡಿದ್ರೆ ಏನೇ ಮಾಡೋದು?" ಎಂದರು ಅತ್ತೆ.

"ಅದು ಉಕ್ಕಿನ ಹಗ್ಗ ಅತ್ತೆ. ಚಾಕು ಹಾಕಿದ್ರೆ ಚಾಕುವೇ ಸಾಯುತ್ತೆ."

"ಒಂದೇ ತಾನೆ ಇರೋದು?"

"ನಾಲ್ಕು ಇರ್ತವೆ. ಒಂದೇ ಸಾಕು ಭಾರಕ್ಕೆ."

ನನ್ನ ಬಾಯಿಂದ ಮಾವನ ಮಾತುಗಳು ಒಂದೊಂದಾಗಿ ಬರತೊಡಗಿದವು. ಕೇಳಿಸಿಕೊಂಡಿರಲೇ ಇಲ್ಲ ಎಂದುಕೊಂಡಿದ್ದವೆಲ್ಲ ಎಲ್ಲಿದ್ದವೋ ಏನೋ. ಚಾವಣಿಯ ಬೀಗ, ಬಲಗೈಗೆ ಬಂದ ಪಟ್ಟಿ, ಬಸ್ಸಿಗೆ ಕಾಯುವವರ ಗಡಿಯಾರ. ಒಂದು ಕಡೆ ಅತ್ತೆಯೇ ತಿದ್ದಿದರು. "ಎಡಗೈಗಲ್ಲ ಗುಂಡು ಬಿದ್ದಿದ್ದು, ಎಡಭುಜಕ್ಕೆ. ಅವರು ಹೇಳಿದ್ದು ತಪ್ಪು, ನಾನು ಆಗಲೇ ನೋಡಿದ್ದೆ." ಅಳುತ್ತಲೇ ಹೇಳಿದರು.

ಲಿಫ್ಟ್ ಅಲುಗಿತು. ಕೆಳಗೇ ಹೋಗುತ್ತಿದೆ, ನೂರಕ್ಕೆ ನೂರು ಕೆಳಗೇ, ಎಂದು ಮೈಯೆಲ್ಲ ಹೇಳುತ್ತಿತ್ತು. ಕೈ ತನ್ನಿಂತಾನೇ ಬಾಗಿಲಿನ ಕಡೆ ಹೋಯಿತು. ಅದನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು ಅತ್ತೆಯ ಮೇಲೆ ಮುಖವಿಟ್ಟು ಕೂತೆ. ಒಂದು ಗೇಣು ಹೋಗುತ್ತಿತ್ತು, ನಿಲ್ಲುತ್ತಿತ್ತು. ಮತ್ತೊಂದು ಗೇಣು ಹೋಗುತ್ತಿತ್ತು. ಪ್ರತಿ ಸಲ ನಿಂತಾಗಲೂ ಮಾವ ಅಲ್ಲಿ ಬಿದ್ದುಹೋದರು ಎಂದುಕೊಳ್ಳುತ್ತಿದ್ದೆ. ಎಷ್ಟು ಹೊತ್ತಾಯಿತೋ ದೇವರೇ ಬಲ್ಲ.

ಹೊರಗಿನಿಂದ ಬಾಗಿಲು ತೆರೆದವನು ವಾಚ್‌ಮನ್. ನಾಲ್ಕನೇ ಮಹಡಿ. ಲಿಫ್ಟಿನ ನೆಲ, ಹೊರಗಿನ ನೆಲ ಒಂದೇ ಸಮ, ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲ. ಆ ಒಂದು ಹೆಜ್ಜೆ ಇಡುವಾಗಲೂ ನಾನು ಗೋಡೆ ಹಿಡಿದುಕೊಂಡೆ.

ಮಾವ ಮೆಟ್ಟಿಲ ಮೇಲೆ ಕೂತಿದ್ದರು. ಕೈಗೆಲ್ಲ ಕರಿ ಗ್ರೀಸು. ಅತ್ತೆ ಹೋಗಿ ಸೆರಗಿನಿಂದ ಒರೆಸತೊಡಗಿದರು. "ನಾನು ಹೇಳಿದ್ದೆ" ಎಂದು ಮಾವ ಅನ್ನಲಿಲ್ಲ. ಜೀವಮಾನವೆಲ್ಲ ಸಣ್ಣಸಣ್ಣದಕ್ಕೂ ಹಾಗೆ ಅಂದವರು ಅವತ್ತು ಅನ್ನಲಿಲ್ಲ. ನನ್ನ ಬರಿಗಾಲು ನೋಡುತ್ತಾ ಮಾತಾಡಿದರು.

"ಇಪ್ಪತ್ತೆರಡು ವರ್ಷದ ಹಿಂದೆ ಹೀಗೇ ಒಂದು ಲಿಫ್ಟ್ ನಿಂತಿದೆ ಅಂತ ಫೋನ್ ಬಂದಿತ್ತು. ಒಳಗಿದ್ದದ್ದು ಒಬ್ಬ ಹುಡುಗಿ, ನಿನ್ನ ವಯಸ್ಸೇ. ಯಾವುದೋ ಆಫೀಸಿನವಳು. ಬಾಗಿಲು ತೆರ್ಕೊಂಡು ಅಂಚಲ್ಲಿ ಕೂತು ಇಳಿದಿದ್ಲು. ಆ ಹೊತ್ತಿಗೆ ನಾನು ಕೆಳಗೆ ಗಾಡಿ ನಿಲ್ಲಿಸ್ತಿದ್ದೆ." ಕನ್ನಡಕ ತೆಗೆದು, "ಆಮೇಲೆ ಲಿಫ್ಟಿನ ಬಾವಿಯ ತಳಕ್ಕಿಳಿದು ಅವಳನ್ನ ಎತ್ತಿದವನೂ ನಾನೇ," ಎಂದರು.

ಅತ್ತೆ ಒರೆಸುವುದನ್ನು ನಿಲ್ಲಿಸಿದರು. ಮೂವತ್ತೆಂಟು ವರ್ಷ ಸಂಸಾರ ಮಾಡಿದ ಅವರಿಗೂ ಇದು ಗೊತ್ತಿರಲಿಲ್ಲ.

ಶನಿವಾರ ಬಂತು. ಆರೂವರೆಗೆ ನಾನು ಮಾವನ ಕುರ್ಚಿಯ ಪಕ್ಕದಿಂದ ಆ ನೋಟ್‌ಬುಕ್ ಎತ್ತಿಕೊಂಡೆ. ಪುಟ ಪುಟವೂ ತುಂಬಿತ್ತು. ಒಂದು ವಾರ ಹದಿನೆಂಟು ತಪ್ಪು, ಒಂದು ವಾರ ಇಪ್ಪತ್ತಮೂರು. ಕಳೆದ ಶನಿವಾರದ ಪುಟದಲ್ಲಿ ತಾರೀಕಿತ್ತು, ಅದರ ಕೆಳಗೆ ಒಂದು ಎಂದು ನಂಬರು ಹಾಕಿ ಚುಕ್ಕೆ ಇಟ್ಟಿದ್ದರು. ಮುಂದೆ ಏನೂ ಇರಲಿಲ್ಲ. ಆ ಚುಕ್ಕೆಯನ್ನು ಎಷ್ಟು ಒತ್ತಿದ್ದರೆಂದರೆ ಹಾಳೆ ತೂತಾಗಿತ್ತು.

"ಯಾಕೆ ಬರೀಲಿಲ್ಲ ಮಾವ?" ಎಂದು ಕೇಳಿದೆ.

"ಬರೆದಿದ್ರೆ ನೀನು ಓದ್ತಿದ್ದೆಯಾ?" ಎಂದರು. ಕೋಪದಿಂದ ಹೇಳಲಿಲ್ಲ, ನಿಜವಾಗಿ ತಿಳಿದುಕೊಳ್ಳಲು ಕೇಳಿದ ಹಾಗಿತ್ತು. ನಾನು ನೋಟ್‌ಬುಕ್ ಮುಚ್ಚಿ ಮಡಿಲಲ್ಲಿಟ್ಟುಕೊಂಡೆ.

ಏಳಕ್ಕೆ ಧಾರಾವಾಹಿ ಶುರುವಾಯಿತು. ಮೊದಲಿಗೆ ಕಳೆದ ವಾರದ ಕಥೆಯನ್ನು ಚುಟುಕಾಗಿ ತೋರಿಸಿದರು. ಗೂಢಚಾರಿಣಿ ಲಿಫ್ಟಿನ ಅಂಚಿನಲ್ಲಿ ಕೂತಳು, ಕಾಲು ಇಳಿಬಿಟ್ಟಳು, ಸುಯ್ಯನೆ ಜಾರಿ ನಿಂತಳು. ಅತ್ತೆ ಕಣ್ಣು ಮುಚ್ಚಿಕೊಂಡರು. ಮಾವ ಅಭ್ಯಾಸಬಲದಿಂದ ನೋಟ್‌ಬುಕ್ಕಿಗೆ ಕೈ ಚಾಚಿದರು. ಅದು ನನ್ನ ಮಡಿಲಲ್ಲಿತ್ತು, ನಾನು ಕೊಡಲಿಲ್ಲ. ಟೀವಿಯ ಸದ್ದು ಪೂರ್ತಿ ತೆಗೆದೆ.

"ಹೇಳಿ ಮಾವ," ಎಂದೆ.

ಅವರು ಅವಳ ಕಾಲನ್ನೇ ನೋಡುತ್ತಿದ್ದರು.

"ಚಪ್ಪಲಿ," ಎಂದರು. "ಮೊದಲು ಅವಳ ಚಪ್ಪಲಿ ಬೀಳಬೇಕಿತ್ತು."